ಟರ್ಮಿನಲ್ ತಂತ್ರಾಂಶಕ್ಕೆ ಮೌಸ್ ಕಲಿಸುವುದು: ಅಡಿಕೆ ತೂಕದ ಪಟ್ಟಿಯೊಂದನ್ನು ಮುಂದಿಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಶಿರಸಿಯ ನಮ್ಮ ಮನೆಯ ಹಳೆಯ ಗಣಕಯಂತ್ರದಲ್ಲಿ ಅಡಿಕೆಯ ತೂಕ ಬರೆದಿಡುವ ಸಣ್ಣದೊಂದು ತಂತ್ರಾಂಶವಿದೆ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳಿಗೋಟು ಎಂದು ಬಗೆಗೊಂದು ಸಾಲು, ಸಾಲಿನಲ್ಲಿ ಚೀಲಗಳ ಸಂಖ್ಯೆ ಮತ್ತು ತೂಕ; ಅಷ್ಟೇ ಅದರ ಕೆಲಸ. ನಾನಿರುವುದು ಕಾರವಾರದಲ್ಲಿ. ಮಳೆಗಾಲದಲ್ಲಿ ಆ ಯಂತ್ರದ ಚಿತ್ರರೂಪದ ಪರದೆಯನ್ನು ಇಲ್ಲಿಂದ ತೆರೆಯುವುದು ಆಗದ ಮಾತು. ಬರಿಯ ಅಕ್ಷರಗಳಾದರೆ, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಜೋಡಿಸುವ ಎಸ್‌ಎಸ್‌ಎಚ್ ಸಂಪರ್ಕದಲ್ಲಿ ಹೇಗೋ ಘಟ್ಟ ಇಳಿದು ಬರುತ್ತವೆ. ಆದ್ದರಿಂದ ಅದನ್ನು ಟರ್ಮಿನಲ್ಲಿಗೆ, ಅಂದರೆ ಅಕ್ಷರಗಳನ್ನಷ್ಟೇ ತೋರಿಸುವ ಕಿಟಕಿಗೆ, ಎಂದೇ ಬರೆದೆ. ಆದರೆ ಮನೆಯಲ್ಲಿ ಅದನ್ನು ದಿನವೂ ಬಳಸುವ ಅಪ್ಪನಿಗೆ ಬಾಣದ ಕೀಲಿಗಳಿಗಿಂತ ಮೌಸ್ ಒಗ್ಗಿತ್ತು. ಅವರಿಗಾಗಿ ಮೌಸ್ ಸೇರಿಸಲು ಹೊರಟಾಗ ಕಲಿತದ್ದನ್ನು, ಬೇರೆಯವರೂ ಅದೇ ದಾರಿಯಲ್ಲಿ ನಡೆಯಲು ಅನುಕೂಲವಾಗುವಂತೆ, ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನೀವು ಪೈಥಾನ್, ಸಿ, ಗೋ, ರಸ್ಟ್ ಯಾವುದರಲ್ಲಿ ಬರೆದರೂ ಟರ್ಮಿನಲ್ ಕಳಿಸುವ ಬೈಟುಗಳು ಅವೇ ಆಗಿರುವುದರಿಂದ, ವಿವರಣೆಯೆಲ್ಲವೂ ಬೈಟುಗಳ ಮಟ್ಟದಲ್ಲಿಯೇ ಇದೆ.

ಮೊದಲ ಹೆಜ್ಜೆ: ಕೈಯಿಂದಲೇ ಪರೀಕ್ಷಿಸಿ ನೋಡುವುದು

ಟರ್ಮಿನಲ್ಲಿನೊಳಗೆ ಓಡುವ ತಂತ್ರಾಂಶಕ್ಕೆ ಮೌಸ್ ಎಂಬುದು ಕಾಣುವುದೇ ಇಲ್ಲ. ಅದು ಕಾಣುವುದು ಕಿಟಕಿ ತೆರೆದು ಕುಳಿತಿರುವ ಟರ್ಮಿನಲ್ ಎಮ್ಯುಲೇಟರಿಗೆ (ಹಳೆಯ ಟರ್ಮಿನಲ್ ಯಂತ್ರವನ್ನು ಅನುಕರಿಸುವ ತಂತ್ರಾಂಶಕ್ಕೆ) ಮಾತ್ರ. 1978ರ ವಿಟಿ100 ಎಂಬ ಅಂಥ ಯಂತ್ರಕ್ಕೆ ಮೌಸ್ ಇರಲಿಲ್ಲ. ಅದರ ಸಂಕೇತಭಾಷೆಯನ್ನೇ ಆಡುವ ಎಮ್ಯುಲೇಟರಾದ ಎಕ್ಸ್‌ಟರ್ಮ್ ಮುಂದೆ ಆ ಭಾಷೆಗೆ ಮೌಸಿನ ಸಂಕೇತಗಳನ್ನು ಸೇರಿಸಿತು, ಮತ್ತು ಇಂದಿನ ಗ್ನೋಮ್ ಟರ್ಮಿನಲ್, ಕಾನ್ಸೋಲ್, ಕಿಟ್ಟಿ, ವಿಂಡೋಸ್ ಟರ್ಮಿನಲ್ ಮೊದಲಾದವೆಲ್ಲ ಅದನ್ನೇ ಅನುಸರಿಸುತ್ತವೆ. ತಂತ್ರಾಂಶವು ತನಗೆ ಮೌಸಿನ ಸುದ್ದಿ ಬೇಕೆಂದು ಒಂದು ಸಂಕೇತವನ್ನು ಮುದ್ರಿಸುತ್ತದೆ. ಅಲ್ಲಿಂದ ಮುಂದೆ ಪ್ರತಿ ಕ್ಲಿಕ್ಕಿಗೂ ಟರ್ಮಿನಲ್ ಕೆಲವು ಬೈಟುಗಳನ್ನು, ಕೀಲಿಮಣೆಯಲ್ಲಿ ಯಾರೋ ಒತ್ತಿದಂತೆ, ಅದೇ ಇನ್‌ಪುಟ್ ಹರಿವಿನಲ್ಲಿ ಕಳಿಸುತ್ತದೆ. ಎಸ್‌ಎಸ್‌ಎಚ್ ಮೂಲಕ ದೂರದಿಂದಲೂ ಮೌಸ್ ಕೆಲಸ ಮಾಡುವುದು ಇದೇ ಕಾರಣಕ್ಕೆ.

ಇದನ್ನು ಕಣ್ಣಾರೆ ನೋಡಲು ಯಾವ ತಂತ್ರಾಂಶವೂ ಬೇಡ. ಶೆಲ್ಲಿನಲ್ಲಿ (ಆದೇಶಗಳನ್ನು ಬರೆದು ಓಡಿಸುವಲ್ಲಿ) ಪ್ರಿಂಟ್‌ಎಫ್ ಆದೇಶದಿಂದ ಎಸ್ಕೇಪ್ ಬೈಟು, ತೆರೆಯುವ ಚೌಕ ಆವರಣ ([), ಪ್ರಶ್ನಾರ್ಥಕ ಚಿಹ್ನೆ, 1000, ಕೊನೆಗೆ ಸಣ್ಣ ಎಚ್ ಅಕ್ಷರ, ಇವಿಷ್ಟನ್ನು ಮುದ್ರಿಸಿರಿ. ಬೈಟುಗಳ ಲೆಕ್ಕದಲ್ಲಿ ಅದು 27 91 63 49 48 48 48 104. ಶೆಲ್ಲಿನಲ್ಲಿ ಎಸ್ಕೇಪ್ ಬೈಟನ್ನು \033 ಎಂದು ಬರೆಯುತ್ತಾರೆ. ಅದೇ ರೀತಿ 1006 ಅನ್ನೂ ಚಾಲನೆಗೊಳಿಸಿ, ಕ್ಯಾಟ್ ಆದೇಶವನ್ನು ಯಾವ ಕಡತದ ಹೆಸರೂ ಇಲ್ಲದೆ ಓಡಿಸಿ, ಪರದೆಯ ಮೇಲೆ ಎಲ್ಲಾದರೂ ಕ್ಲಿಕ್ ಮಾಡಿದರೆ ^[[<0;14;6 ಎಂಬಂಥ ಗೀಚು ಎರಡು ಬಾರಿ ಮೂಡುತ್ತದೆ, ಒಮ್ಮೆ ಕೊನೆಯಲ್ಲಿ ದೊಡ್ಡ ಎಂ ಅಕ್ಷರದೊಂದಿಗೆ, ಇನ್ನೊಮ್ಮೆ ಸಣ್ಣ ಎಂ ಅಕ್ಷರದೊಂದಿಗೆ. ಒತ್ತಿದ್ದಕ್ಕೆ ಒಂದು, ಬಿಟ್ಟದ್ದಕ್ಕೆ ಒಂದು. ನೋಡಿಯಾದ ಮೇಲೆ ಕಂಟ್ರೋಲ್-ಸಿ ಒತ್ತಿ ಕ್ಯಾಟಿನಿಂದ ಹೊರಬಂದು, ಅದೇ ಸಂಕೇತಗಳನ್ನು ಎಚ್ ಬದಲು ಸಣ್ಣ ಎಲ್ (108) ಹಾಕಿ ಮುದ್ರಿಸಿ, ಮೌಸನ್ನು ಮರಳಿ ಟರ್ಮಿನಲ್ಲಿಗೆ ಒಪ್ಪಿಸಿರಿ.

ಎರಡನೆಯ ಹೆಜ್ಜೆ: ಎಷ್ಟು ಸುದ್ದಿ ಬೇಕೆಂದು ತೀರ್ಮಾನಿಸುವುದು

1000 ಎಂಬ ಸ್ಥಿತಿಯಲ್ಲಿ ಗುಂಡಿ ಒತ್ತಿದ್ದು, ಬಿಟ್ಟದ್ದು ಮತ್ತು ಚಕ್ರ ತಿರುಗಿದ್ದು ವರದಿಯಾಗುತ್ತವೆ. 1002ರಲ್ಲಿ ಇವುಗಳ ಜೊತೆಗೆ, ಗುಂಡಿ ಒತ್ತಿಕೊಂಡು ಎಳೆಯುವಾಗಿನ ಚಲನೆಯೂ ಬರುತ್ತದೆ. 1003ರಲ್ಲಿ ಗುಂಡಿ ಒತ್ತದೆ ಸುಮ್ಮನೆ ಮೌಸ್ ಸರಿದಾಡಿಸಿದರೂ ಸಾಕು, ಒಂದು ಕೋಶದಿಂದ (ಪರದೆಯ ಮೇಲೆ ಒಂದು ಅಕ್ಷರ ಹಿಡಿಸುವ ಜಾಗದಿಂದ) ಇನ್ನೊಂದಕ್ಕೆ ದಾಟಿದಾಗಲೆಲ್ಲ ವರದಿ ಬರುತ್ತದೆ. ಒತ್ತಿದ್ದನ್ನು ಮಾತ್ರ ತಿಳಿಸುವ 9 ಎಂಬ ಹಳೆಯ ಸ್ಥಿತಿಯೊಂದಿದೆ, ಅದನ್ನು ಮರೆತರೆ ನಷ್ಟವಿಲ್ಲ.

ನನ್ನ ಸಲಹೆಯೆಂದರೆ 1000ರಿಂದ ಆರಂಭಿಸಿ, ಎಳೆಯುವ ಕೆಲಸ ನಿಜವಾಗಿ ಬೇಕಾದಾಗ ಮಾತ್ರ 1002ಕ್ಕೆ ಹೋಗಿರಿ. ಮೌಸ್ ಹೋದಲ್ಲೆಲ್ಲ ಸಾಲಿನ ಬಣ್ಣ ಬದಲಾದರೆ ಚೆಂದವೆಂದು ನಾನು ಮೊದಲು 1003 ಹಾಕಿದ್ದೆ. ಪರದೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕೈ ಸರಿಸಿದರೆ ಹತ್ತಾರು ವರದಿಗಳು, ಪ್ರತಿಯೊಂದೂ ಹತ್ತು ಹನ್ನೆರಡು ಬೈಟು. ಮನೆಯಲ್ಲಿ ಅದು ಗೊತ್ತೇ ಆಗಲಿಲ್ಲ, ಆಷಾಢದ ಮಳೆಯಲ್ಲಿ ಕಾರವಾರದಿಂದ ಬಳಸಿದಾಗ ಬಣ್ಣವು ನನ್ನ ಕೈಯ ಹಿಂದೆ ಏದುಸಿರು ಬಿಡುತ್ತ ಓಡುತ್ತಿತ್ತು. ಚಕ್ರ ತಿರುಗಿಸಿ ಪಟ್ಟಿ ಸರಿಸುವುದಷ್ಟೇ ನಿಮಗೆ ಬೇಕಿದ್ದರಂತೂ ಮೌಸನ್ನು ಕೇಳಲೇಬೇಡಿರಿ. ತಂತ್ರಾಂಶವು 1049 ಸಂಕೇತದಿಂದ ಪರ್ಯಾಯ ಪರದೆಗೆ (ಶೆಲ್ಲಿನ ಪರದೆಯನ್ನು ಕೆಡಿಸದ ಪ್ರತ್ಯೇಕ ಪರದೆಗೆ) ಹೋಗಿದ್ದರೆ, ಹಲವು ಟರ್ಮಿನಲ್ಲುಗಳು ಚಕ್ರದ ತಿರುವನ್ನು ತಾವಾಗಿಯೇ ಮೇಲೆ ಕೆಳಗಿನ ಬಾಣದ ಕೀಲಿಗಳಾಗಿ ಪರಿವರ್ತಿಸಿ ಕೊಡುತ್ತವೆ. 1007 ಎಂಬುದು ಆ ಸೌಲಭ್ಯದ ಸಂಖ್ಯೆ.

ಏನು ವರದಿಯಾಗಬೇಕೆಂಬುದು ಒಂದು ಪ್ರಶ್ನೆ, ಯಾವ ಬರಹದಲ್ಲಿ ವರದಿಯಾಗಬೇಕೆಂಬುದು ಇನ್ನೊಂದು. ಏನನ್ನೂ ಹೇಳದಿದ್ದರೆ ಟರ್ಮಿನಲ್ ಹಳೆಯ ಬರಹವನ್ನೇ ಬಳಸುತ್ತದೆ: ಎಸ್ಕೇಪ್, ಚೌಕ ಆವರಣ, ದೊಡ್ಡ ಎಂ, ಅದರ ನಂತರ ಗುಂಡಿ, ಕಾಲಮ್, ಸಾಲುಗಳಿಗೆ ತಲಾ ಒಂದು ಬೈಟು, ಪ್ರತಿಯೊಂದಕ್ಕೂ 32 ಕೂಡಿಸಿ. ಒಂದು ಬೈಟು 255 ದಾಟದಾದ್ದರಿಂದ 223ಕ್ಕಿಂತ ಆಚೆಯ ಕಾಲಮನ್ನು ಈ ಬರಹ ಹೇಳಲಾರದು. ಅದಕ್ಕೂ ಮೊದಲೇ, 96ನೆಯ ಕಾಲಮಿನಲ್ಲಿಯೇ, ಬೈಟಿನ ಬೆಲೆ 128 ಆಗಿ, ಇನ್‌ಪುಟ್ಟನ್ನು ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಕ್ರಮ) ಎಂದು ಓದುವ ತಂತ್ರಾಂಶ ಎಡವುತ್ತದೆ. ಕನ್ನಡ ಓದುವ ಬಹುತೇಕ ತಂತ್ರಾಂಶಗಳು ಹಾಗೆಯೇ ಓದುತ್ತವೆ. ಇದಲ್ಲದೆ ಬಿಟ್ಟದ್ದು ಯಾವ ಗುಂಡಿಯೆಂದು ಹಳೆಯ ಬರಹ ತಿಳಿಸುವುದಿಲ್ಲ. 1006 ಎಂಬ ಹೊಸ ಬರಹ ಈ ಮೂರೂ ತೊಂದರೆಗಳನ್ನು ನೀಗುತ್ತದೆ. ನಡುವೆ ಬಂದುಹೋದ 1005, 1015 ಎಂಬ ಪ್ರಯತ್ನಗಳೂ ಇವೆ. ಹೊಸದಾಗಿ ಬರೆಯುವವರಿಗೆ ಅವುಗಳ ಅಗತ್ಯವಿಲ್ಲ.

ಮೂರನೆಯ ಹೆಜ್ಜೆ: ವರದಿಯನ್ನು ಓದುವುದು

ಓದಲು ತೊಡಗುವ ಮುನ್ನ ಟರ್ಮಿನಲ್ಲಿನ ಈಗಿನ ಸ್ಥಿತಿಯನ್ನು ಟರ್ಮಿಯೋಸ್ (ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಟರ್ಮಿನಲ್ಲಿನ ಗುಣಗಳನ್ನು ಬದಲಿಸುವ ಸೌಲಭ್ಯ) ಮೂಲಕ ಪಡೆದು ಜೋಪಾನವಾಗಿ ತೆಗೆದಿಟ್ಟು, ಸಾಲು ಪೂರ್ತಿಯಾಗುವವರೆಗೆ ಕಾಯುವ ಗುಣವನ್ನೂ ಒತ್ತಿದ್ದನ್ನು ಪ್ರತಿಧ್ವನಿಸುವ ಗುಣವನ್ನೂ ನಿಲ್ಲಿಸಬೇಕು. ಇಲ್ಲವಾದರೆ ವರದಿಗಳು ಎಂಟರ್ ಒತ್ತುವವರೆಗೆ ನಿಮ್ಮ ಕೈಗೆ ಸಿಗುವುದಿಲ್ಲ, ಸಾಲದ್ದಕ್ಕೆ ಪರದೆಯನ್ನೂ ಕೆಡಿಸುತ್ತವೆ.

ಈಗ 1006ರ ಒಂದು ವರದಿಯನ್ನು ಬಿಡಿಸೋಣ. ಹದಿನಾಲ್ಕನೆಯ ಕಾಲಮ್, ಆರನೆಯ ಸಾಲಿನ ಮೇಲೆ ಎಡಗುಂಡಿ ಒತ್ತಿದರೆ ಬರುವ ಬೈಟುಗಳು 27 91 60 48 59 49 52 59 54 77. ಮೊದಲ ಮೂರು ಎಸ್ಕೇಪ್, ಚೌಕ ಆವರಣ ಮತ್ತು < ಚಿಹ್ನೆ. ಆಮೇಲೆ ಗುಂಡಿಯ ಸಂಕೇತ, ಕಾಲಮ್, ಸಾಲು ಇವು ಸಾಮಾನ್ಯ ದಶಮಾಂಶ ಅಂಕೆಗಳಲ್ಲಿ ಅರ್ಧವಿರಾಮದಿಂದ ಬೇರ್ಪಟ್ಟಿವೆ. ಕೊನೆಯ 77 ಎಂದರೆ ಒತ್ತಿದ್ದು; 109 ಆಗಿದ್ದರೆ ಬಿಟ್ಟದ್ದು. ಕಾಲಮ್ ಮೊದಲು, ಸಾಲು ಆಮೇಲೆ ಎಂಬುದನ್ನು ಗಮನಿಸಬೇಕು, ಏಕೆಂದರೆ ಕರ್ಸರ್ ಸರಿಸುವ ಸಂಕೇತದಲ್ಲಿ ಇದು ತಿರುವುಮುರುವು. ಎರಡೂ ಎಣಿಕೆಗಳು 1ರಿಂದ ಆರಂಭವಾಗುತ್ತವೆ.

ಗುಂಡಿಯ ಸಂಕೇತವನ್ನು ಹೀಗೆ ಬಿಚ್ಚಬೇಕು. ಕೆಳಗಿನ ಎರಡು ಬಿಟ್‌ಗಳಲ್ಲಿ 0 ಎಡ, 1 ನಡು, 2 ಬಲ, 3 ಎಂದರೆ ಯಾವ ಗುಂಡಿಯೂ ಇಲ್ಲ. ಶಿಫ್ಟ್ ಹಿಡಿದಿದ್ದರೆ 4, ಆಲ್ಟ್ ಆದರೆ 8, ಕಂಟ್ರೋಲ್ ಆದರೆ 16 ಸೇರುತ್ತದೆ. ಚಲನೆಯ ವರದಿಗೆ 32 ಸೇರುತ್ತದೆ. ಚಕ್ರಕ್ಕೆ 64 ಸೇರುವುದರಿಂದ ಮೇಲಕ್ಕೆ ತಿರುಗಿಸಿದರೆ 64, ಕೆಳಕ್ಕಾದರೆ 65. ಹಾಗಾಗಿ 48 ಎಂದು ಬಂದರೆ ಕಂಟ್ರೋಲ್ ಹಿಡಿದು ಎಡಗುಂಡಿಯಿಂದ ಎಳೆಯುತ್ತಿದ್ದಾರೆ. 35 ಎಂದು ಬಂದರೆ ಗುಂಡಿಯೊತ್ತದೆ ಮೌಸ್ ಸುಮ್ಮನೆ ಸರಿದಿದೆ. ಸಂಕೇತವನ್ನು 0, 1, 2ಕ್ಕೆ ನೇರವಾಗಿ ಹೋಲಿಸುವ ತಪ್ಪನ್ನು ಬಹಳ ಮಂದಿ ಮಾಡುತ್ತಾರೆ. ಕಂಟ್ರೋಲ್ ಕೀಲಿಯ ಮೇಲೆ ಬೆರಳಿಟ್ಟವರ ಕ್ಲಿಕ್ಕು ಆಗ ಮಾಯವಾಗುತ್ತದೆ. ಮೊದಲು 32 ಮತ್ತು 64ರ ಬಿಟ್‌ಗಳನ್ನು ಪ್ರತ್ಯೇಕವಾಗಿ ನೋಡಿ, ನಂತರ ಕೆಳಗಿನೆರಡು ಬಿಟ್‌ಗಳಿಗೆ ಬರಬೇಕು. ಚಕ್ರಕ್ಕೆ ಬಿಟ್ಟ ವರದಿ ಇರುವುದಿಲ್ಲವೆಂಬುದೂ ನೆನಪಿರಲಿ.

ಒಂದು ಬಾರಿ ಓದಿದಾಗ ಒಂದು ಪೂರ್ಣ ವರದಿ ಸಿಗುತ್ತದೆಂದು ನಂಬಿ ಬರೆದ ತಂತ್ರಾಂಶವು ಬರೆದವರ ಮೇಜಿನ ಮೇಲೆ ಚೆನ್ನಾಗಿ ಓಡಿ, ಜಾಲದ ಮೇಲೆ ಮುಗ್ಗರಿಸುತ್ತದೆ. ಅರ್ಧ ವರದಿ ಬರಬಹುದು, ಮೂರೂವರೆ ವರದಿಗಳು ಒಟ್ಟಿಗೆ ಬರಬಹುದು. ಆದ್ದರಿಂದ ಬಂದ ಬೈಟುಗಳನ್ನು ಒಂದು ಸಂಗ್ರಹದಲ್ಲಿ ಸೇರಿಸುತ್ತ ಹೋಗಿ, ಪೂರ್ಣಗೊಂಡದ್ದನ್ನು ಮಾತ್ರ ತೆಗೆದು, ಉಳಿಕೆಯನ್ನು ಅಲ್ಲೇ ಬಿಡಬೇಕು. ಇಲ್ಲಿ ಒಂದು ತೊಡಕಿದೆ: ಬಳಕೆದಾರರು ಬರಿಯ ಎಸ್ಕೇಪ್ ಕೀಲಿ ಒತ್ತಿದರೂ 27 ಎಂಬ ಬೈಟೇ ಬರುತ್ತದೆ. ಅದೊಂದೇ ಬಂದು ನಿಂತಾಗ ಸ್ವಲ್ಪ ಕಾದು, ಅದರ ನಂತರ ಏನೂ ಬಾರದಿದ್ದರೆ ಕೀಲಿಯೆಂದು ತಿಳಿಯುವುದೇ ಸಾಮಾನ್ಯ ದಾರಿ. ಸ್ಥಳೀಯ ಬಳಕೆಗೆ 50 ಮಿಲಿಸೆಕೆಂಡು ಸಾಕು. ನಾನು 150 ಇಟ್ಟುಕೊಂಡಿದ್ದೇನೆ, ಮತ್ತು ಎಸ್ಕೇಪ್ ಕೀಲಿಗೆ ಅವಸರದ ಕೆಲಸ ಯಾವುದನ್ನೂ ಕೊಟ್ಟಿಲ್ಲ.

ನಾಲ್ಕನೆಯ ಹೆಜ್ಜೆ: ಕ್ಲಿಕ್ಕು ಬಿದ್ದದ್ದು ಯಾವುದರ ಮೇಲೆ? ಕನ್ನಡದ ವಿಶೇಷ ತೊಡಕು

ಇಂಗ್ಲಿಷ್ ಪಟ್ಟಿಯಾಗಿದ್ದರೆ ಈ ಹೆಜ್ಜೆ ಎರಡು ವಾಕ್ಯಗಳಲ್ಲಿ ಮುಗಿಯುತ್ತಿತ್ತು. ಒಂದು ಅಕ್ಷರಕ್ಕೆ ಒಂದು ಕೋಶ. ಹದಿನಾಲ್ಕನೆಯ ಕಾಲಮ್ ಎಂದರೆ ಹದಿನಾಲ್ಕನೆಯ ಅಕ್ಷರ. ಕನ್ನಡದಲ್ಲಿ ಆ ಹೊಂದಿಕೆ ಮುರಿದುಬೀಳುತ್ತದೆ.

‘ಬೆಟ್ಟೆ’ ಎಂಬ ಪದವನ್ನು ತೆಗೆದುಕೊಳ್ಳಿರಿ. ಕಣ್ಣಿಗೆ ಎರಡಕ್ಷರ. ಯುನಿಕೋಡಿನಲ್ಲಿ ಆರು ಸಂಕೇತ: ಬ, ಎತ್ವ, ಟ, ಹಲಂತ, ಟ, ಎತ್ವ. ಯುಟಿಎಫ್-8ರಲ್ಲಿ ಹದಿನೆಂಟು ಬೈಟು. ಎತ್ವ ಮತ್ತು ಹಲಂತಗಳಿಗೆ ಅಗಲವಿಲ್ಲವೆಂದು ಎಣಿಸುವ ಟರ್ಮಿನಲ್ಲಿನಲ್ಲಿ ಮೂರು ಕೋಶ. ‘ರಾಶಿ’ ಇದಕ್ಕಿಂತ ಕುಟಿಲ. ಗುಡಿಸು ಯುನಿಕೋಡಿನ ವರ್ಗೀಕರಣದಲ್ಲಿ ಜಾಗವಿಲ್ಲದ ಚಿಹ್ನೆ, ದೀರ್ಘವು ಜಾಗವುಳ್ಳ ಚಿಹ್ನೆ. ಆದರೆ ಆ ಜಾಗಕ್ಕೆ ಪ್ರತ್ಯೇಕ ಕೋಶ ಕೊಡಬೇಕೇ ಬೇಡವೇ ಎಂಬುದರಲ್ಲಿ ಟರ್ಮಿನಲ್ಲುಗಳಿಗೂ ತಂತ್ರಾಂಶದ ಗ್ರಂಥಾಲಯಗಳಿಗೂ (ಸಿದ್ಧ ಕೋಡಿನ ಸಂಗ್ರಹಗಳಿಗೂ) ಒಮ್ಮತವಿಲ್ಲ. ಹೀಗಾಗಿ ‘ರಾಶಿ’ ಒಂದು ಕಡೆ ಮೂರು ಕೋಶ, ಇನ್ನೊಂದು ಕಡೆ ಎರಡೇ ಕೋಶ. ‘ಶಿರಸಿ’ಯಲ್ಲಿ ಗುಡಿಸುಗಳಷ್ಟೇ ಇರುವುದರಿಂದ ಮೂರು ಕೋಶವೆಂದು ಹೆಚ್ಚಿನವು ಒಪ್ಪುತ್ತವೆ, ‘ಕಾರವಾರ’ ನಾಲ್ಕೂ ಆಗಬಹುದು, ಆರೂ ಆಗಬಹುದು. ನಿಮ್ಮ ತಂತ್ರಾಂಶ ಆರೆಂದು ಎಣಿಸಿ, ಟರ್ಮಿನಲ್ ನಾಲ್ಕೆಂದು ಬಿಡಿಸಿದರೆ, ಆ ಸಾಲಿನಲ್ಲಿ ಅದರ ಬಲಕ್ಕಿರುವ ಗುಂಡಿಗಳೆಲ್ಲ ತೋರಿದ ಜಾಗ ಒಂದು, ಕ್ಲಿಕ್ಕಿಗೆ ಓಗೊಡುವ ಜಾಗ ಇನ್ನೊಂದು ಆಗುತ್ತವೆ.

ಇದಕ್ಕೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು: ಕಾಲಮನ್ನು ನಂಬದೆ ಸಾಲನ್ನು ನಂಬುವುದು. ಕನ್ನಡ ಎಷ್ಟೇ ಅಗಲಕ್ಕೆ ಹರಡಲಿ, ಸಾಲು ಮಾತ್ರ ತಪ್ಪುವುದಿಲ್ಲ. ಆದ್ದರಿಂದ ಕ್ಲಿಕ್ಕಿನ ಗುರಿಯೆಂದರೆ ಇಡೀ ಸಾಲು ಎಂದು ಪರದೆಯನ್ನು ವಿನ್ಯಾಸ ಮಾಡಿದೆ. ಒಂದೇ ಸಾಲಿನಲ್ಲಿ ಹಲವು ಗುರಿಗಳು ಅನಿವಾರ್ಯವಾದಾಗ ಅಂಕೆಗಳನ್ನೂ ಗುಂಡಿಗಳನ್ನೂ ಎಡಕ್ಕೆ ಹಾಕಿ, ಕನ್ನಡ ಹೆಸರನ್ನು ಸಾಲಿನ ಕೊನೆಗೆ ತಳ್ಳಿದೆ. ಹೆಸರು ಅಳತೆ ಮೀರಿದರೂ ಅದರ ಬಲಕ್ಕೆ ಕೆಡುವಂಥದ್ದು ಏನೂ ಇರುವುದಿಲ್ಲ. ಹೆಸರು ನಡುವೆಯೇ ಬರಬೇಕಿದ್ದರೆ, ಅದನ್ನು ಮುದ್ರಿಸಿದ ಮೇಲೆ ಖಾಲಿ ಜಾಗ ತುಂಬಿ ಮುಂದೆ ಸಾಗದೆ, ಎಸ್ಕೇಪ್, ಚೌಕ ಆವರಣ, ಸಾಲು, ಅರ್ಧವಿರಾಮ, ಕಾಲಮ್, ದೊಡ್ಡ ಎಚ್ ಎಂಬ ಸಂಕೇತದಿಂದ ಕರ್ಸರನ್ನು ನಿಶ್ಚಿತ ಕಾಲಮಿಗೆ ಜಿಗಿಸಿ ಮುಂದಿನದನ್ನು ಬರೆಯಬೇಕು.

ಅಗಲವನ್ನು ಅಳೆಯಲೇಬೇಕಾದ ಸಂದರ್ಭದಲ್ಲಿ ಊಹಿಸುವ ಬದಲು ಟರ್ಮಿನಲ್ಲನ್ನೇ ಕೇಳಬಹುದು. ಸಾಲಿನ ಮೊದಲ ಕಾಲಮಿನಲ್ಲಿ ಪದವನ್ನು ಮುದ್ರಿಸಿ, ಎಸ್ಕೇಪ್, ಚೌಕ ಆವರಣ, 6, ಸಣ್ಣ ಎನ್ ಎಂದು ಕಳಿಸಿದರೆ, ಕರ್ಸರ್ ಈಗೆಲ್ಲಿದೆಯೆಂದು ಸಾಲು ಮತ್ತು ಕಾಲಮುಗಳೊಂದಿಗೆ, ದೊಡ್ಡ ಆರ್ ಅಕ್ಷರದಲ್ಲಿ ಮುಗಿಯುವ ಉತ್ತರ ಬರುತ್ತದೆ. ಆ ಕಾಲಮಿನಿಂದ 1 ಕಳೆದರೆ ಪದದ ಅಗಲ. ಉತ್ತರವೂ ಮೌಸಿನ ವರದಿಗಳ ಹರಿವಿನಲ್ಲಿಯೇ ಬರುವುದರಿಂದ ಮೂರನೆಯ ಹೆಜ್ಜೆಯಲ್ಲಿ ಬರೆದ ಓದುಗ ಭಾಗ ಅದನ್ನೂ ಗುರುತಿಸಬೇಕು. ನನ್ನ ತಂತ್ರಾಂಶ ತೆರೆದಾಗ ಐದು ಬಗೆಗಳ ಹೆಸರನ್ನೂ ಹೀಗೆ ಒಮ್ಮೆ ಅಳೆದಿಟ್ಟುಕೊಳ್ಳುತ್ತದೆ.

ಪರದೆ ಬಿಡಿಸುವಾಗಲೇ ಯಾವ ಸಾಲಿನಲ್ಲಿ ಯಾವ ದಾಖಲೆ ಬಂತೆಂದು ಒಂದು ಪಟ್ಟಿ ಬರೆದಿಟ್ಟು, ಕ್ಲಿಕ್ಕು ಬಂದಾಗ ಆ ಪಟ್ಟಿಯನ್ನೇ ನೋಡಬೇಕು. ದಾಖಲೆಗಳಿಂದ ಹೊಸದಾಗಿ ಲೆಕ್ಕ ಹಾಕಿದರೆ, ಬಿಡಿಸಿದ ನಂತರ ಒಂದು ಚೀಲ ಸೇರಿದ್ದರೂ ಕ್ಲಿಕ್ಕು ಪಕ್ಕದ ಸಾಲಿಗೆ ಬೀಳುತ್ತದೆ. ಬಳಕೆದಾರರು ಕ್ಲಿಕ್ ಮಾಡಿದ್ದು ತಮಗೆ ಕಂಡದ್ದರ ಮೇಲೆ. ಕಿಟಕಿಯ ಗಾತ್ರ ಬದಲಾದ ಸೂಚನೆ ಬಂದಾಗ ಪರದೆಯನ್ನೂ ಪಟ್ಟಿಯನ್ನೂ ಒಟ್ಟಿಗೆ ಹೊಸದಾಗಿ ಮಾಡಬೇಕು.

ಐದನೆಯ ಹೆಜ್ಜೆ: ಕ್ಲಿಕ್ಕೆಂದರೇನು ಎಂಬ ನಿರ್ಧಾರ

ಒತ್ತಿದೊಡನೆ ಕೆಲಸ ನಡೆಸಬೇಡಿರಿ. ಒತ್ತಿದಾಗ ಸಾಲನ್ನು ನೆನಪಿಟ್ಟುಕೊಂಡು, ಬಿಟ್ಟಾಗಲೂ ಅದೇ ಸಾಲಿನಲ್ಲಿದ್ದರೆ ಮಾತ್ರ ಕ್ಲಿಕ್ಕೆಂದು ಒಪ್ಪಿಕೊಳ್ಳಬೇಕು. ತಪ್ಪಿ ಒತ್ತಿದವರು ಬೆರಳು ಬಿಡುವ ಮುನ್ನ ಮೌಸನ್ನು ಆಚೆ ಸರಿಸಿ ಪಾರಾಗಬಹುದು. ಎರಡು ಬಾರಿ ಕ್ಲಿಕ್ಕಿಸುವುದನ್ನು ಟರ್ಮಿನಲ್ ಪ್ರತ್ಯೇಕವಾಗಿ ವರದಿ ಮಾಡುವುದಿಲ್ಲ. ಎರಡರ ನಡುವಿನ ಸಮಯವನ್ನು ನೀವೇ ಅಳೆಯಬೇಕು, ಮತ್ತು ನೀವು ಅಳೆಯುವುದು ಬೈಟುಗಳು ತಲುಪಿದ ಸಮಯವನ್ನೇ ಹೊರತು ಬೆರಳು ಒತ್ತಿದ ಸಮಯವನ್ನಲ್ಲ. ನಿಧಾನದ ಸಂಪರ್ಕದಲ್ಲಿ ಬಿಡಿಬಿಡಿಯಾದ ಎರಡು ಕ್ಲಿಕ್ಕುಗಳು ಜೋಡಿಯಾಗಿ ಬಂದಿಳಿಯುತ್ತವೆ. ದೂರದಿಂದ ಬಳಸುವ ತಂತ್ರಾಂಶದಲ್ಲಿ, ಅದರಲ್ಲೂ ಅಳಿಸುವಂಥ ಕೆಲಸಕ್ಕೆ, ಜೋಡಿ ಕ್ಲಿಕ್ಕನ್ನು ಬಳಸಲೇಬಾರದೆಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಆರನೆಯ ಹೆಜ್ಜೆ: ಹೊರಡುವಾಗ ಬಾಗಿಲು ಹಾಕುವುದು

ನಾನಿನ್ನೂ 1003 ಬಳಸುತ್ತಿದ್ದಾಗ, ಜುಲೈ ತಿಂಗಳ ಒಂದು ಸಂಜೆ ತಂತ್ರಾಂಶ ತೆರೆದಿರುವಾಗಲೇ ಸಂಪರ್ಕ ಕಡಿಯಿತು. ಕಾರವಾರದ ನನ್ನ ಪರದೆಯ ಮೇಲೆ ಶೆಲ್ ಮರಳಿ ಬಂದಿತ್ತು, ಆದರೆ ಮೌಸ್ ಅಲುಗಿಸಿದರೆ ಸಾಕು, 35;42;17 ಎಂಬಂಥ ಅಂಕೆಗಳು ಅಕ್ಕಿ ಚೆಲ್ಲಿದಂತೆ ಚೆಲ್ಲುತ್ತಿದ್ದವು. ಶಿರಸಿಯ ತಂತ್ರಾಂಶ ಸತ್ತಿದ್ದರೂ ಮೌಸ್ ವರದಿ ಮಾಡೆಂಬ ಅದರ ಆಜ್ಞೆ ನನ್ನ ಟರ್ಮಿನಲ್ಲಿನಲ್ಲಿ ಜೀವಂತವಾಗಿತ್ತು. ಇಂಥ ವೇಳೆ ರೀಸೆಟ್ ಆದೇಶ ಕೊಟ್ಟರೆ, ಅಥವಾ ಮೌಸನ್ನು ಆರಿಸುವ (ಸಣ್ಣ ಎಲ್ ಅಕ್ಷರದ) ಸಂಕೇತವನ್ನು ಕೈಯಾರೆ ಮುದ್ರಿಸಿದರೆ ಸರಿಹೋಗುತ್ತದೆ. ಇಂಥ ತಂತ್ರಾಂಶಕ್ಕಾಗಿ ಎಸ್‌ಎಸ್‌ಎಚ್ ಕರೆಯನ್ನೇ ಒಂದು ಸಣ್ಣ ಶೆಲ್ ಕಡತದಲ್ಲಿಟ್ಟು, ಅದು ಮುಗಿದೊಡನೆ ಆರಿಸುವ ಸಂಕೇತಗಳು ತಾವಾಗಿ ಮುದ್ರಣವಾಗುವಂತೆ ಮಾಡಿಕೊಂಡರೆ ಮತ್ತೂ ಒಳ್ಳೆಯದು.

ತಂತ್ರಾಂಶದೊಳಗೆ ಶುಚಿಗೊಳಿಸುವ ಕೆಲಸವನ್ನು ಒಂದೇ ಕಡೆ ಬರೆದು, ಸಹಜವಾಗಿ ಮುಗಿದಾಗಲೂ, ದೋಷದಿಂದ ಬಿದ್ದಾಗಲೂ, ತಂತ್ರಾಂಶವನ್ನು ನಿಲ್ಲಿಸೆಂಬ ಸೂಚನೆ ಕಾರ್ಯವ್ಯವಸ್ಥೆಯಿಂದ ಬಂದಾಗಲೂ ಅದೇ ನಡೆಯುವಂತೆ ನೋಡಿಕೊಳ್ಳಬೇಕು. ಕ್ರಮ ಮುಖ್ಯ. ಮೊದಲು 1006 ಮತ್ತು 1000 ಆರಿಸಿ, ಕರ್ಸರನ್ನು ಕಾಣಿಸಿ, ಪರ್ಯಾಯ ಪರದೆಯಿಂದ ಹೊರಬಂದು, ಕಟ್ಟಕಡೆಗೆ ತೆಗೆದಿಟ್ಟಿದ್ದ ಟರ್ಮಿಯೋಸ್ ಸ್ಥಿತಿಯನ್ನು ಮರಳಿಸಬೇಕು. ಇಷ್ಟಾದರೂ, ಆರಿಸುವ ಸಂಕೇತ ಟರ್ಮಿನಲ್ಲನ್ನು ತಲುಪುವ ಮುನ್ನ ಹೊರಟ ವರದಿಗಳು ದಾರಿಯಲ್ಲಿದ್ದು, ತಡವಾಗಿ ಬಂದು ಶೆಲ್ಲಿನ ಮೇಲೆ ಬೀಳಬಹುದು. ಇದಕ್ಕೆ ಒಂದು ಸೊಗಸಾದ ಪರಿಹಾರವಿದೆ: ಮೌಸ್ ಆರಿಸಿದ ಬೆನ್ನಿಗೇ ಕರ್ಸರಿನ ಜಾಗ ಕೇಳುವ ಪ್ರಶ್ನೆಯನ್ನು ಕಳಿಸಿ, ಉತ್ತರ ಬರುವವರೆಗೆ ಸಿಕ್ಕಿದ್ದನ್ನೆಲ್ಲ ಓದಿ ಎಸೆಯುವುದು. ಟರ್ಮಿನಲ್ ಎಲ್ಲವನ್ನೂ ಬಂದ ಕ್ರಮದಲ್ಲಿಯೇ ನಿರ್ವಹಿಸುವುದರಿಂದ, ಆ ಉತ್ತರದ ನಂತರ ಮೌಸಿನ ವರದಿ ಇರಲಾರದು. ಉತ್ತರವೇ ಬಾರದಿದ್ದರೆ ಒಂದು ಸೆಕೆಂಡಿನ ಮಿತಿಯಿಟ್ಟು ಹೊರಬರಬೇಕು.

ಗ್ರಂಥಾಲಯಗಳು ಮತ್ತು ನಡುವೆ ನಿಲ್ಲುವವರು

ಎನ್‌ಕರ್ಸಸ್ ಎಂಬ ಟರ್ಮಿನಲ್ ಗ್ರಂಥಾಲಯವನ್ನು ಬಳಸುವವರಿಗೆ ಮೇಲಿನ ಬಹುಭಾಗವನ್ನು ಅದೇ ಮಾಡಿಕೊಡುತ್ತದೆ. ಕೀಪ್ಯಾಡ್ ಸೌಲಭ್ಯವನ್ನು ಚಾಲನೆಗೊಳಿಸಿ, ಬೇಕಾದ ಘಟನೆಗಳನ್ನು ಮೌಸ್‌ಮಾಸ್ಕ್‌ನಿಂದ ಕೇಳಿ, ಮೌಸ್ ಎಂಬ ವಿಶೇಷ ಕೀಲಿ ಬಂದಾಗ ಗೆಟ್‌ಮೌಸ್ ಕರೆಯಬೇಕು. ಅಲ್ಲಿ ಎಣಿಕೆ 0ಯಿಂದ ಆರಂಭ. ಒತ್ತಿ ಬಿಟ್ಟದ್ದನ್ನು ಕ್ಲಿಕ್ಕೆಂದು ಜೋಡಿಸಲು ಅದು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಕಾಯುವುದರಿಂದ ತಂತ್ರಾಂಶ ಮಂದವೆನಿಸುತ್ತದೆ. ಮೌಸ್‌ಇಂಟರ್ವಲ್‌ಗೆ 0 ಕೊಟ್ಟು, ಒತ್ತಿದ್ದನ್ನೂ ಬಿಟ್ಟದ್ದನ್ನೂ ನೀವೇ ಜೋಡಿಸಿಕೊಳ್ಳುವುದು ಮೇಲು.

ಒಂದೇ ಟರ್ಮಿನಲ್ಲನ್ನು ಹಲವು ವಿಭಾಗಗಳಾಗಿ ಹಂಚುವ ಟಿಮಕ್ಸ್ ನಡುವೆ ಇದ್ದರೆ ಅದು ವರದಿಗಳನ್ನು ತಾನು ಪಡೆದು, ಕಾಲಮ್ ಸಾಲುಗಳನ್ನು ಆಯಾ ವಿಭಾಗದ ಮೂಲೆಯಿಂದ ಎಣಿಸಿ ತಂತ್ರಾಂಶಕ್ಕೆ ದಾಟಿಸುತ್ತದೆ. ಪರದೆಯನ್ನು ಎರಡಾಗಿ ಸೀಳಿ, ಬಲಗಡೆಯ ವಿಭಾಗದಲ್ಲಿಯೂ ಒಮ್ಮೆ ಪರೀಕ್ಷಿಸಿರಿ. ಲಿನಕ್ಸಿನ ಬರಿಯ (ಕಿಟಕಿಗಳಿಲ್ಲದ) ಕನ್ಸೋಲಿನಲ್ಲಿ ಮೌಸಿಗೆ ಜಿಪಿಎಂ ಎಂಬ ಸೇವೆ ಬೇಕು. ಕನ್ನಡ ಅಲ್ಲಿ ಸರಿಯಾಗಿ ಮೂಡುವುದೂ ಇಲ್ಲವಾದ್ದರಿಂದ ನಾನು ಆ ಗೋಜಿಗೆ ಹೋಗಲಿಲ್ಲ.

ಮೌಸ್ ನಿಮ್ಮ ತಂತ್ರಾಂಶದ ವಶವಾದ ಮೇಲೆ ಬಳಕೆದಾರರು ಎಂದಿನಂತೆ ಎಳೆದು ಪಠ್ಯ ಆಯ್ದುಕೊಳ್ಳಲಾರರು. ಹೆಚ್ಚಿನ ಟರ್ಮಿನಲ್ಲುಗಳಲ್ಲಿ ಶಿಫ್ಟ್ ಹಿಡಿದು ಎಳೆದರೆ, ಮ್ಯಾಕಿನ ಐಟರ್ಮ್2ರಲ್ಲಿ ಆಪ್ಷನ್ ಹಿಡಿದು ಎಳೆದರೆ, ಆಯ್ಕೆ ಸಾಧ್ಯವಾಗುತ್ತದೆ. ಇದನ್ನು ಪರದೆಯ ಕೆಳಸಾಲಿನಲ್ಲಿ ಬರೆದು ತೋರಿಸುವುದಲ್ಲದೆ, ಮೌಸನ್ನು ಆರಿಸಿ ಹೊತ್ತಿಸುವ ಕೀಲಿಯೊಂದನ್ನೂ ಕೊಡಬೇಕು. ಕ್ಲಿಕ್ಕಿನಿಂದ ಆಗುವ ಪ್ರತಿಯೊಂದು ಕೆಲಸಕ್ಕೂ ಕೀಲಿಮಣೆಯ ದಾರಿ ಇದ್ದೇ ಇರಬೇಕು: ಅಪ್ಪ ಈಗ ಸಾಲನ್ನು ಮೌಸಿನಿಂದ ಆಯ್ದು, ತೂಕವನ್ನು ಅಂಕೆಗಳ ಕೀಲಿಯಲ್ಲಿ ಒತ್ತಿ, ಎಂಟರ್ ಹೊಡೆದು ಮುಂದಿನ ಚೀಲಕ್ಕೆ ಹೋಗುತ್ತಾರೆ; ನಾನು ಇಲ್ಲಿಂದ ಅದೇ ಪಟ್ಟಿಯನ್ನು ತೆರೆದಾಗ ಬಾಣದ ಕೀಲಿಗಳನ್ನೇ ಬಳಸುತ್ತೇನೆ.